ಒಪ್ಪಿಸಿದವನೂ ಒಪ್ಪಿಸಿಕೊಂಡವನೂ

ಕೆಲವು ವರ್ಷಗಳ ಹಿಂದೆ ನಾವು ಇಂಗ್ಲಿಷ್ ತರಗತಿಯೊಂದರಲ್ಲಿ ಪಾಠ ಹೇಳುತ್ತಿದ್ದೆವು. ಪಾಠದ ನಡುವೆ ಯೂದನ ಹೆಸರು ಬಂದಿತು. ಇಂಗ್ಲಿಷ್ ಸಾಹಿತ್ಯವನ್ನು ಓದತಕ್ಕವರಿಗೆ ಆ ಹೆಸರು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಮಿತ್ರದ್ರೋಹಿ ಎಂಬುದಕ್ಕೆ ಆ ಭಾಷೆಯಲ್ಲಿ ಅದು ಪರ್ಯಾಯಪದವೇ ಆಗಿಹೋಗಿದೆ. ಮೂವತ್ತು ಬೆಳ್ಳಿ ನಾಣ್ಯ, ಒಂದು ಮುತ್ತು, ಒಂದು ನೇಣು ಎಂದು ಎರಡು ಮಾತಿನಲ್ಲಿ ಕಥೆಯನ್ನು ಮುಗಿಸಿ ನಾವು ಮುಂದಕ್ಕೆ ಹೋಗುವುದರಲ್ಲಿದ್ದೆವು. ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, “ಸಾರ್, ಯೇಸು ತಾನಾಗಿಯೇ ಪ್ರಾಣ ಕೊಡುವುದಕ್ಕೆ ಬಂದವನೆಂದು ಅವರ ಮತ ಹೇಳುವುದಾದರೆ ಯೂದನ ತಪ್ಪೇನು? ಅವನಿಲ್ಲದಿದ್ದರೆ ಆ ಬಲಿಯೇ ನಡೆಯುತ್ತಿರಲಿಲ್ಲವಲ್ಲ?” ಎಂದು ಕೇಳಿದನು. ತರಗತಿಯಲ್ಲಿ ನಗು ಎದ್ದಿತು. ಹುಡುಗ ಮಾತ್ರ ನಗಲಿಲ್ಲ. ನಾವು ಏನೋ ಒಂದು ಸಮಾಧಾನ ಹೇಳಿ ಅವನನ್ನು ಕುಳ್ಳಿರಿಸಿದೆವು. ಆ ಸಮಾಧಾನದಿಂದ ನಮಗೇ ಸಮಾಧಾನವಾಗಲಿಲ್ಲ. ಈ ಹೊತ್ತಿನ ಭಾಷಣವು ಆ ಹುಡುಗನಿಗೆ ನಾವು ತೀರಿಸಬೇಕಾಗಿದ್ದ ಹಳೆಯ ಸಾಲವೆಂದು ಶ್ರೋತೃಗಳು ಭಾವಿಸಬಹುದು.

ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಮೇಲು. ನಾವು ಕ್ರೈಸ್ತಮತದವರಲ್ಲ, ಆ ಮತದ ತತ್ತ್ವವನ್ನು ಬೋಧಿಸುವ ಅಧಿಕಾರವೂ ನಮಗಿಲ್ಲ. ಆದರೆ ನಾಲ್ಕು ಸುವಾರ್ತೆಗಳನ್ನು ಬಹುಕಾಲದಿಂದ ಓದುತ್ತ ಬಂದಿದ್ದೇವೆ. ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕಡೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಎಂಬ ಕಾವ್ಯವನ್ನು ಬರೆದ ಮೇಲೆ ಈ ಕಥೆಯಲ್ಲಿ ಕನ್ನಡಿಗರಿಗೂ ಸ್ವಲ್ಪ ಬಾಧ್ಯತೆ ಉಂಟಾಗಿದೆ. ಆ ಧೈರ್ಯದ ಮೇಲೆ ಮಾತನಾಡುತ್ತೇವೆ.

ಕಥೆಯ ಸಂಗತಿಗಳು ತಿಳಿದವೇ. ಯೆರೂಸಲೇಮಿನಲ್ಲಿ ಪಸ್ಕಹಬ್ಬದ ಕಾಲ. ಊರು ಯಾತ್ರಿಕರಿಂದ ತುಂಬಿದೆ. ಹಗಲಿನಲ್ಲಿ ಯೇಸುವನ್ನು ಹಿಡಿದರೆ ಜನ ದಂಗೆಯೆದ್ದಾರೆಂದು ಮಹಾಯಾಜಕರಿಗೆ ಭಯ. ಅವರಿಗೆ ಬೇಕಾಗಿದ್ದುದು, ರಾತ್ರಿ ಅವನು ಎಲ್ಲಿರುತ್ತಾನೆಂಬುದನ್ನು ಬಲ್ಲ ಒಳಗಿನವನೊಬ್ಬ. ಹನ್ನೆರಡು ಮಂದಿ ಶಿಷ್ಯರಲ್ಲಿ ಒಬ್ಬನಾದ ಇಸ್ಕರಿಯೋತ ಯೂದನು ತಾನಾಗಿಯೇ ಹೋಗಿ ಆ ಕೆಲಸಕ್ಕೆ ಒಪ್ಪಿಕೊಂಡನು. ಮೂವತ್ತು ಬೆಳ್ಳಿ ಎಂಬ ಲೆಕ್ಕವನ್ನು ಕೊಡುವವನು ಮತ್ತಾಯನೊಬ್ಬನೇ. ಯೆಹೂದ್ಯರ ಹಳೆಯ ಧರ್ಮಶಾಸ್ತ್ರದಲ್ಲಿ, ಒಬ್ಬನ ಎತ್ತು ಇನ್ನೊಬ್ಬನ ಗುಲಾಮನನ್ನು ಹಾಯ್ದು ಕೊಂದರೆ ಎತ್ತಿನ ಒಡೆಯನು ಗುಲಾಮನ ಒಡೆಯನಿಗೆ ತೆರಬೇಕಾದ ದಂಡವೂ ಮೂವತ್ತು ಬೆಳ್ಳಿಯೇ. ಗುರುವಿಗೆ ಕಟ್ಟಿದ ಬೆಲೆ ಅಷ್ಟು.

ಆ ರಾತ್ರಿ ಊಟಕ್ಕೆ ಮುಂಚೆಯೋ ಊಟದ ನಡುವೆಯೋ ಯೇಸು ನಡುಕಟ್ಟಿ ಶಿಷ್ಯರ ಕಾಲುಗಳನ್ನು ತೊಳೆದನೆಂದು ಯೋಹಾನನು ಹೇಳುತ್ತಾನೆ. ಓದುವವರು ಸಾಮಾನ್ಯವಾಗಿ ಗಮನಿಸದೆ ದಾಟಿಹೋಗುವ ಸಂಗತಿ ಒಂದುಂಟು: ಆಗ ಯೂದನು ಇನ್ನೂ ಅಲ್ಲಿಯೇ ಇದ್ದನು. ತೊಳೆಯಿಸಿಕೊಂಡ ಕಾಲುಗಳಲ್ಲಿ ಅವನ ಕಾಲುಗಳೂ ಇದ್ದವು. ಆಮೇಲೆ ಯೇಸು ರೊಟ್ಟಿಯ ತುಂಡೊಂದನ್ನು ಅದ್ದಿ ಅವನಿಗೇ ಕೊಟ್ಟನು. ಅವನು ಅದನ್ನು ತೆಗೆದುಕೊಂಡು ಹೊರಗೆ ಹೋದನು. ಆಗ ರಾತ್ರಿಯಾಗಿತ್ತೆಂದು ಯೋಹಾನನು ಒಂದೇ ಮಾತು ಸೇರಿಸಿ ಸುಮ್ಮನಾಗುತ್ತಾನೆ. ಉಳಿದವರೊಡನೆ ಯೇಸು ಕಿದ್ರೋನ್ ಹಳ್ಳವನ್ನು ದಾಟಿ ಎಣ್ಣೆಮರಗಳ ಗುಡ್ಡದ ತೋಪಿಗೆ ಹೋದನು. ಆ ಸ್ಥಳಕ್ಕೆ ಗೆತ್ಸೇಮನೆ, ಎಂದರೆ ಎಣ್ಣೆಯ ಗಾಣ, ಎಂದು ಹೆಸರು.

ಗಾಣವೆಂಬ ಹೆಸರು ಸುಮ್ಮನೆ ಬಂದುದಲ್ಲವೆಂದು ನಮಗೆ ತೋರುತ್ತದೆ. ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಮೊದಲನೆಯ ಉತ್ತರವಿರುವುದು ಈ ತೋಪಿನಲ್ಲಿಯೇ. ‘ತಾನಾಗಿಯೇ ಪ್ರಾಣ ಕೊಟ್ಟನು’ ಎಂದ ಕೂಡಲೇ ಸಾವನ್ನು ಬಯಸಿ ಹೋದನೆಂದು ನಾವು ತಿಳಿಯುತ್ತೇವೆ. ಮಾರ್ಕನ ಸುವಾರ್ತೆಯನ್ನು ಓದಿದವರು ಹಾಗೆ ತಿಳಿಯಲಾರರು. ಅಲ್ಲಿ ಯೇಸು ದಿಗಿಲುಗೊಂಡು ನೆಲದ ಮೇಲೆ ಬೀಳುತ್ತಾನೆ. ಈ ಪಾತ್ರೆ ತನ್ನಿಂದ ತೊಲಗಲೆಂದು ತಂದೆಯನ್ನು ಬೇಡುತ್ತಾನೆ. ಹೋಗಿ ಬಂದು ಮತ್ತೆ ಮತ್ತೆ ಬೇಡುತ್ತಾನೆ. ಎಚ್ಚರವಾಗಿರಿರೆಂದು ಹೇಳಿ ಕೂರಿಸಿದ ಮೂವರು ಶಿಷ್ಯರು ಅಷ್ಟರಲ್ಲಿ ನಿದ್ರೆಹೋಗಿರುತ್ತಾರೆ. ಕತ್ತಲೆಯಿತ್ತು, ತೋಪಿನಿಂದ ಗುಡ್ಡವನ್ನು ಹತ್ತಿ ಹೋಗಿದ್ದರೆ ಆಚೆಗೆ ಯೂದಾಯದ ಕಾಡುಭೂಮಿ. ತಪ್ಪಿಸಿಕೊಳ್ಳಬಹುದಾಗಿತ್ತು. ಅವನು ಅಲ್ಲಿಯೇ ನಿಂತನು. ಸಾವಿನಲ್ಲಿ ಇಷ್ಟವಿಲ್ಲದೆ, ಆದರೂ ಬಲಾತ್ಕಾರವಿಲ್ಲದೆ, ನಿಲ್ಲುವುದು ಉಂಟೆ? ಉಂಟೆಂದು ಈ ಕಥೆ ಹೇಳುತ್ತದೆ. ಸಾವಿನ ಆಸೆಗೂ ಆತ್ಮಾರ್ಪಣಕ್ಕೂ ಇರುವ ಅಂತರ ಇದೇ.

ಇಲ್ಲಿ ಒಂದು ಶಬ್ದದ ವಿಚಾರವನ್ನು ಹೇಳಬೇಕು. ಅಧ್ಯಾಪಕರ ಚಪಲವೆಂದು ಕೇಳುವವರು ಕ್ಷಮಿಸಬೇಕು. ನಮಗೆ ಈ ಕಥೆಯ ಬಾಗಿಲು ತೆರೆದುದು ಈ ಶಬ್ದದಿಂದಲೇ. ಹೊಸ ಒಡಂಬಡಿಕೆಯ ಮೂಲ ಗ್ರೀಕ್ ಭಾಷೆ. ಯೂದನು ಮಾಡಿದ ಕೆಲಸಕ್ಕೆ ಅಲ್ಲಿರುವ ಕ್ರಿಯಾಪದ ‘ಪರದಿದೋಮಿ’. ಅದಕ್ಕೆ ದ್ರೋಹ ಎಂಬ ಅರ್ಥವೇ ಮುಖ್ಯವಲ್ಲ. ಕೈಗೆ ಒಪ್ಪಿಸು, ವಶಪಡಿಸು ಎಂದಷ್ಟೇ. ಯೂದನು ಯೇಸುವನ್ನು ಯಾಜಕರಿಗೆ ಒಪ್ಪಿಸುತ್ತಾನೆ. ಯಾಜಕರು ಪಿಲಾತನಿಗೆ ಒಪ್ಪಿಸುತ್ತಾರೆ. ಪಿಲಾತನು ಶಿಲುಬೆಗೆ ಒಪ್ಪಿಸುತ್ತಾನೆ. ಮೂರು ಕಡೆಯೂ ಅದೇ ಪದ. ಒಬ್ಬರ ಕೈಯಿಂದ ಒಬ್ಬರ ಕೈಗೆ ಸಾಮಾನು ದಾಟಿದ ಹಾಗೆ ಒಬ್ಬ ಮನುಷ್ಯ ದಾಟುತ್ತಾನೆ. ಯಾರ ಕೈಯಲ್ಲಿಯೂ ಹೊಣೆ ನಿಲ್ಲುವುದಿಲ್ಲ. ಪಿಲಾತನಂತೂ ನೀರು ತರಿಸಿ ಕೈಯನ್ನೇ ತೊಳೆದುಕೊಂಡನು.

ಆಶ್ಚರ್ಯವಾದ ಸಂಗತಿ ಮುಂದೆ ಬರುತ್ತದೆ. ಸುವಾರ್ತೆಗಳಿಗಿಂತ ಮೊದಲೇ, ಕ್ರಿಸ್ತಶಕ 55ರ ಸುಮಾರಿಗೆ, ಪೌಲನು ಕೊರಿಂಥದ ಸಭೆಗೆ ಬರೆದ ಕಾಗದದಲ್ಲಿ ಆ ರಾತ್ರಿಯ ಪ್ರಸ್ತಾಪವಿದೆ. ಅಲ್ಲಿ ಯೂದನ ಹೆಸರೇ ಇಲ್ಲ. ಯೇಸುವನ್ನು ಒಪ್ಪಿಸಲಾದ ರಾತ್ರಿ ಎಂದು ಮಾತ್ರ ಇದೆ. ಗಲಾತ್ಯದವರಿಗೆ ಬರೆಯುವಾಗ ಅದೇ ಪೌಲನು, ಯೇಸು ತನಗೋಸ್ಕರ ತನ್ನನ್ನು ತಾನೇ ಒಪ್ಪಿಸಿಕೊಂಡನೆಂಬ ಅರ್ಥದಲ್ಲಿ ಅದೇ ಕ್ರಿಯಾಪದವನ್ನು ಬಳಸುತ್ತಾನೆ. ರೋಮಿನವರಿಗೆ ಬರೆಯುವಾಗ ದೇವರು ತನ್ನ ಮಗನನ್ನು ಒಪ್ಪಿಸಿದನೆಂದು ಅದನ್ನೇ ಬರೆಯುತ್ತಾನೆ. ಕೊನೆಗೆ ಯೋಹಾನನ ಸುವಾರ್ತೆಯಲ್ಲಿ, ಶಿಲುಬೆಯ ಮೇಲೆ ಯೇಸು ತಲೆಬಾಗಿಸಿ ಪ್ರಾಣವನ್ನು ಬಿಡುವಲ್ಲಿ, ಬಿಟ್ಟನು ಎಂಬ ಕಡೆ ಇರುವುದೂ ಅದೇ ಪದ: ಪ್ರಾಣವನ್ನು ಒಪ್ಪಿಸಿದನು. ದ್ರೋಹಕ್ಕೂ ಆತ್ಮಾರ್ಪಣಕ್ಕೂ ಒಂದೇ ಶಬ್ದ!

ಇಂಗ್ಲಿಷ್ ಬೈಬಲ್ಲು ಈ ಒಂದು ಶಬ್ದವನ್ನು ಎರಡು ಮೂರಾಗಿ ಒಡೆಯಿತು. ಯೂದನು ಮಾಡಿದ್ದು ಒಂದು, ಪಿಲಾತನು ಮಾಡಿದ್ದು ಇನ್ನೊಂದು, ಯೇಸು ಮಾಡಿದ್ದು ಮತ್ತೊಂದು ಎಂದು ಓದುವವರಿಗೆ ತೋರುವಂತಾಯಿತು. ನಮ್ಮ ಕನ್ನಡ ಬೈಬಲ್ಲಿನಲ್ಲಿಯೂ ಯೂದನ ಕೃತ್ಯಕ್ಕೆ ‘ಹಿಡುಕೊಡು’ ಎಂದೂ ಯೇಸುವಿನ ಕೃತ್ಯಕ್ಕೆ ‘ಒಪ್ಪಿಸು’ ಎಂದೂ ಬೇರೆಬೇರೆ ಮಾತುಗಳಿವೆ. ಅರ್ಥ ಸ್ಪಷ್ಟವಾಯಿತೆಂಬುದೇನೋ ನಿಜ. ಆದರೆ ಗ್ರೀಕಿನಲ್ಲಿ ಓದಿದವನಿಗೆ ಆಗುತ್ತಿದ್ದ ಮೈನಡುಕ ಹೋಯಿತು. ಕನ್ನಡದ ‘ಒಪ್ಪಿಸು’ ಎಂಬ ಮಾತು ಒಂದರಿಂದಲೇ ಕೆಲಸ ಸಾಗಿಸಬಹುದಾಗಿತ್ತು. ಶತ್ರುವಿಗೂ ಒಪ್ಪಿಸುತ್ತೇವೆ, ದೇವರಿಗೂ ಒಪ್ಪಿಸುತ್ತೇವೆ.

ಹುಡುಗನ ಪ್ರಶ್ನೆ ಹೊಸದಲ್ಲ. ಎರಡನೆಯ ಶತಮಾನದಲ್ಲಿಯೇ ಒಂದು ಪಂಗಡದವರು ಅದನ್ನು ಕೇಳಿ, ತಮಗೆ ಬೇಕಾದ ಉತ್ತರವನ್ನೂ ಬರೆದುಕೊಂಡಿದ್ದರು. ಯೂದನ ಹೆಸರಿನಲ್ಲೊಂದು ಸುವಾರ್ತೆ ಉಂಟೆಂದು ಕ್ರಿಸ್ತಶಕ 180ರ ಸುಮಾರಿಗೆ ಲಿಯೋನಿನ ಬಿಷಪ್ಪನಾಗಿದ್ದ ಐರೇನಿಯಸ್ಸನು ಖಂಡಿಸಿ ಬರೆದಿದ್ದಾನೆ. ಆ ಗ್ರಂಥ ಕಳೆದುಹೋಯಿತೆಂದು ಎಲ್ಲರೂ ಎಣಿಸಿದ್ದರು. ಈಜಿಪ್ಟಿನಲ್ಲಿ ಸಿಕ್ಕಿದ ಕಾಪ್ಟಿಕ್ ಭಾಷೆಯ ಹಳೆಯ ಹೊತ್ತಗೆಯೊಂದರಲ್ಲಿ ಅದು ಹರಕು ಮುರುಕಾಗಿ ದೊರೆತು, 2006ರಲ್ಲಿ ಭಾಷಾಂತರವಾಗಿ ಪ್ರಕಟವಾಯಿತು. ಅದನ್ನು ಮೊದಲು ಭಾಷಾಂತರಿಸಿದವರ ಪ್ರಕಾರ ಅಲ್ಲಿಯ ಯೂದನು ದ್ರೋಹಿಯಲ್ಲ. ಗುರುವಿನ ಗುಟ್ಟನ್ನರಿತ ಏಕಮಾತ್ರ ಶಿಷ್ಯ, ಗುರುವಿನ ಅಪ್ಪಣೆಯಂತೆ ನಡೆದವನು. ಹಾಗಲ್ಲ, ಅಲ್ಲಿಯೂ ಅವನು ಕೆಟ್ಟವನೇ ಎಂದು ಬೇರೆ ವಿದ್ವಾಂಸರು ಮರುವರ್ಷವೇ ವಾದಿಸಿದರು. ವಿದ್ವಾಂಸರ ಜಗಳ ಅವರಿಗಿರಲಿ. ಅಪ್ಪಣೆಯಂತೆ ಒಪ್ಪಿಸಿದನೆಂಬುದು ಜಾಣತನದ ಉತ್ತರ. ನಮಗೆ ಅದು ರುಚಿಸುವುದಿಲ್ಲ. ದ್ರೋಹವೇ ಇಲ್ಲವೆಂದಾದರೆ ಕಾಲು ತೊಳೆದುದೂ, ತುತ್ತು ಕೊಟ್ಟುದೂ, ಹಿಡಿಸಿಕೊಟ್ಟ ಕ್ಷಣದಲ್ಲಿ ಅವನನ್ನು ಗೆಳೆಯನೆಂದು ಕರೆದುದೂ ಬರಿಯ ನಾಟಕವಾಗುತ್ತದೆ.

ಇದಕ್ಕೆ ನಮ್ಮ ಮನೆಯ ನಿದರ್ಶನವೊಂದುಂಟು. ಕೈಕೇಯಿ ವರ ಕೇಳದಿದ್ದರೆ ರಾಮನು ಕಾಡಿಗೆ ಹೋಗುತ್ತಿರಲಿಲ್ಲ; ಹೋಗದಿದ್ದರೆ ರಾವಣವಧೆಯಿಲ್ಲ. ರಾಮನೋ ನಗುನಗುತ್ತ ಹೊರಟವನು. ಹಾಗೆಂದು ಕೈಕೇಯಿಗೆ ಉಪಕಾರಸ್ಮರಣೆ ಸಲ್ಲಿಸಿದವರುಂಟೆ? ಈ ತೊಡಕು ನಮ್ಮವರನ್ನೂ ಕಾಡಿದ್ದುಂಟು. ಅಧ್ಯಾತ್ಮರಾಮಾಯಣವು ದೇವತೆಗಳೇ ಸರಸ್ವತಿಯನ್ನು ಕಳುಹಿಸಿ ಮಂಥರೆಯನ್ನೂ ಕೈಕೇಯಿಯನ್ನೂ ಪ್ರೇರಿಸಿದರೆಂದು ಹೇಳಿ ಪಾರಾಗಲು ನೋಡುತ್ತದೆ. ಲೂಕನೂ ಯೋಹಾನನೂ ಯೂದನೊಳಗೆ ಸೈತಾನನು ಹೊಕ್ಕನೆನ್ನುತ್ತಾರೆ. ದಾರಿ ಒಂದೇ, ಹೊಕ್ಕವರು ಬೇರೆ. ಪಾರಾಗುವ ದಾರಿ ಬೇಡವೆಂದು ನಮ್ಮ ಅಭಿಪ್ರಾಯ. ಕೃತ್ಯ ಹೊರಗೆ ಒಂದೇ ಆಗಿದ್ದರೂ ಒಳಗೆ ಎರಡು ಸಂಕಲ್ಪಗಳಿರಬಹುದು. ಯೂದನು ತನ್ನದಲ್ಲದ ಪ್ರಾಣವನ್ನು ಕೊಟ್ಟು ಬೆಲೆ ತೆಗೆದುಕೊಂಡನು. ಯೇಸು ತನ್ನದೇ ಆದುದನ್ನು ಕೊಟ್ಟನು, ಏನನ್ನೂ ತೆಗೆದುಕೊಳ್ಳಲಿಲ್ಲ. ಯೋಹಾನನ ವರ್ಣನೆಯಲ್ಲಿ ಮುತ್ತಿನ ಮಾತೇ ಇಲ್ಲ. ದೀವಟಿಗೆ ಹಿಡಿದು ಬಂದವರ ಮುಂದಕ್ಕೆ ಯೇಸು ತಾನೇ ಹೋಗಿ, ಯಾರನ್ನು ಹುಡುಕುತ್ತೀರೆಂದು ಕೇಳಿ, ತನ್ನನ್ನು ಹಿಡಿದು ಉಳಿದವರನ್ನು ಬಿಟ್ಟುಬಿಡಬೇಕೆಂದು ಹೇಳುತ್ತಾನೆ. ದ್ರೋಹಿಗೆ ಮಾರುವುದಕ್ಕೆ ಉಳಿದದ್ದಾದರೂ ಏನು?

ಚಿತ್ರಕಾರರು ಈ ಎರಡು ಸಂಕಲ್ಪಗಳನ್ನು ನಮಗಿಂತ ಚೆನ್ನಾಗಿ ಕಂಡಿದ್ದಾರೆ. ಇಟಲಿಯ ಪಾದುವಾ ನಗರದ ಅರೇನಾ ದೇವಾಲಯದಲ್ಲಿ 1305ರ ಸುಮಾರಿಗೆ ಜೋತ್ತೋ ಬರೆದ ಭಿತ್ತಿಚಿತ್ರದ ಪ್ರತಿಯನ್ನು ನಾವು ನೋಡಿದ್ದೇವೆ. ಸುತ್ತ ದೊಣ್ಣೆ ದೀವಟಿಗೆಗಳ ಕಾಡು. ನಡುವೆ ಯೂದನ ಹಳದಿಯ ನಿಲುವಂಗಿ ಯೇಸುವನ್ನು ಪೂರ್ತಿಯಾಗಿ ಸುತ್ತಿಕೊಂಡಿದೆ. ಎರಡು ಮುಖಗಳು ಮಾತ್ರ ಎದುರುಬದುರಾಗಿ ಕಾಣುತ್ತವೆ. ಯೇಸುವಿನ ಕಣ್ಣು ಅವನ ಮುಖದಿಂದ ಕದಲುವುದಿಲ್ಲ. ದಾಂತೆ ಮಹಾಕವಿಯು ಯೂದನನ್ನು ನರಕದ ತಳದಲ್ಲಿ ಸೈತಾನನ ನಡುಬಾಯಿಗೆ ಹಾಕಿದನು. ಅವರಿಬ್ಬರೂ ಒಂದೇ ಕಾಲದವರು. ನಾವು ಜೋತ್ತೋವಿನ ಪಕ್ಷ.

ಈ ಹೆಸರಿನಿಂದ ಆದ ಇನ್ನೊಂದು ಅನ್ಯಾಯವನ್ನೂ ಹೇಳದೆ ಬಿಡಲಾಗದು. ಯೂದನೂ ಯೆಹೂದ್ಯ, ಪೇತ್ರನೂ ಯೆಹೂದ್ಯ, ಯೇಸುವೂ ಯೆಹೂದ್ಯ. ಆದರೂ ಒಬ್ಬನ ಪಾಪವನ್ನು ಒಂದು ಜನಾಂಗದ ತಲೆಗೆ ಕಟ್ಟಿ, ಐರೋಪ್ಯರು ಶತಮಾನಗಳ ಕಾಲ ಆ ಜನರನ್ನು ಹಿಂಸಿಸಿದರು. ರೋಮನ್ ಕ್ಯಾಥೊಲಿಕ್ ಸಭೆಯು ಆ ಆರೋಪವನ್ನು ಎರಡನೆಯ ವ್ಯಾಟಿಕನ್ ಮಹಾಸಭೆಯ ಘೋಷಣೆಯ ಮೂಲಕ ನಿರಾಕರಿಸಿದ್ದು 1965ರಲ್ಲಿ. ಅಷ್ಟು ಹೊತ್ತಿಗೆ ಹಿಟ್ಲರನ ಮರಣಶಿಬಿರಗಳ ಕಥೆ ಮುಗಿದು ಇಪ್ಪತ್ತು ವರ್ಷವಾಗಿತ್ತು.

ಗ್ರೀಕಿನ ಆ ಶಬ್ದವನ್ನು ಇಂಗ್ಲಿಷಿಗೆ ತಂದವನ ಕಥೆಯನ್ನು ಈಗ ಹೇಳಬೇಕು. ಹೊಸ ಒಡಂಬಡಿಕೆಯನ್ನು ಗ್ರೀಕ್ ಮೂಲದಿಂದ ಇಂಗ್ಲಿಷಿಗೆ ತಂದು, 1526ರಲ್ಲಿ ಜರ್ಮನಿಯ ವರ್ಮ್ಸ್ ನಗರದಲ್ಲಿ ಅಚ್ಚು ಹಾಕಿಸಿದವನು ವಿಲಿಯಂ ಟಿಂಡೇಲ್. ಅಪ್ಪಣೆಯಿಲ್ಲದೆ ಬೈಬಲ್ಲನ್ನು ಇಂಗ್ಲಿಷ್ ಮಾಡುವುದು ಅವನ ದೇಶದಲ್ಲಿ ಆಗ ಅಪರಾಧ. ಪ್ರತಿಗಳನ್ನು ಬಟ್ಟೆಯ ಮೂಟೆಗಳಲ್ಲಿ ಅಡಗಿಸಿ ಸಾಗಿಸುತ್ತಿದ್ದರು. ಲಂಡನ್ನಿನ ಬಿಷಪ್ಪನು ಅವನ್ನು ಹುಡುಕಿಸಿ ಸುಡಿಸಿದನು. 1531ರಲ್ಲಿ ಎಂಟನೆಯ ಹೆನ್ರಿ ದೊರೆಯ ಪ್ರತಿನಿಧಿಯೊಬ್ಬನು ಆಂಟ್‌ವರ್ಪಿನಲ್ಲಿ ಟಿಂಡೇಲನನ್ನು ಗುಟ್ಟಾಗಿ ಕಂಡು ಊರಿಗೆ ಹಿಂದಿರುಗುವಂತೆ ಹೇಳಿದನು. ಟಿಂಡೇಲನ ಉತ್ತರ ಹೀಗಿತ್ತು: ಯಾರು ಮಾಡಿದ ಭಾಷಾಂತರವಾದರೂ ಆಗಲಿ, ಟೀಕೆಯಿಲ್ಲದ ಬರಿಯ ಮೂಲವನ್ನು ಜನರ ಮಾತಿನಲ್ಲಿ ಓದಲು ದೊರೆ ಅನುಮತಿ ಕೊಟ್ಟರೆ ಸಾಕು, ತಾನು ಬರೆಯುವುದನ್ನು ನಿಲ್ಲಿಸಿ, ಬಂದು ದೊರೆಯ ಪಾದಕ್ಕೆ ಬೀಳುವೆನು, ಚಿತ್ರಹಿಂಸೆಯಾಗಲಿ ಮರಣವಾಗಲಿ ದೊರೆಯ ಇಷ್ಟ. ದೊರೆ ಆ ವ್ಯಾಪಾರಕ್ಕೆ ಒಪ್ಪಲಿಲ್ಲ.

ನಾಲ್ಕು ವರ್ಷಗಳಾದ ಮೇಲೆ ಹೆನ್ರಿ ಫಿಲಿಪ್ಸ್ ಎಂಬ ತರುಣನು ಆಂಟ್‌ವರ್ಪಿಗೆ ಬಂದನು. ಒಳ್ಳೆಯ ಮನೆತನದವನು, ಓದಿದವನು, ಮಾತಿನಲ್ಲಿ ವಿನಯ. ತಂದೆ ಕೊಟ್ಟು ಕಳುಹಿಸಿದ್ದ ಹಣವನ್ನು ಜೂಜಿನಲ್ಲಿ ಕಳೆದುಕೊಂಡವನೆಂಬುದು ಆಮೇಲೆ ತಿಳಿದ ಸಂಗತಿ. ಟಿಂಡೇಲನು ಅವನನ್ನು ನಂಬಿ, ತಾನಿದ್ದ ಥಾಮಸ್ ಪಾಯಿಂಟ್ಸ್ ಎಂಬ ವರ್ತಕನ ಮನೆಗೇ ಕರೆತಂದನು. ತನ್ನ ಪುಸ್ತಕಗಳನ್ನು ತೋರಿಸಿದನು. 1535ರ ಮೇ ತಿಂಗಳಲ್ಲಿ ಪಾಯಿಂಟ್ಸನು ಊರಿನಲ್ಲಿಲ್ಲದ ಸಮಯ ನೋಡಿ ಫಿಲಿಪ್ಸನು ಬಂದು, ಹಣದ ಚೀಲ ಕಳೆದುಹೋಯಿತೆಂದು ನಲವತ್ತು ಶಿಲಿಂಗು ಸಾಲ ಕೇಳಿದನು. ಟಿಂಡೇಲನು ಕೊಟ್ಟನು. ಅಷ್ಟೇ ಅಲ್ಲ, ಆ ದಿನ ತನಗೆ ಬೇರೆ ಕಡೆ ಊಟಕ್ಕೆ ಕರೆ ಬಂದಿದೆ, ನೀನೂ ನನ್ನ ಅತಿಥಿಯಾಗಿ ಬಾ ಎಂದನು. ಮನೆಯಿಂದ ಬೀದಿಗೆ ಹೋಗುವ ಓಣಿ ಇಕ್ಕಟ್ಟು. ಇಬ್ಬರು ಜೊತೆಯಾಗಿ ನಡೆಯುವಂತಿಲ್ಲ. ಫಿಲಿಪ್ಸನು ಮರ್ಯಾದೆಗಾಗಿ ಎಂಬಂತೆ ಟಿಂಡೇಲನನ್ನು ಮುಂದೆ ಮಾಡಿ ತಾನು ಹಿಂದೆ ಬಂದನು. ಟಿಂಡೇಲನು ಕುಳ್ಳ, ಫಿಲಿಪ್ಸನು ಎತ್ತರದ ಆಳು. ಓಣಿಯ ಬಾಯಲ್ಲಿ ಕಾದು ಕುಳಿತಿದ್ದ ಅಧಿಕಾರಿಗಳಿಗೆ ಅವನು ಟಿಂಡೇಲನ ತಲೆಯ ಮೇಲಿನಿಂದ ಬೆರಳನ್ನು ಕೆಳಕ್ಕೆ ತೋರಿಸಿದನು. ಆ ಮನುಷ್ಯನ ಮುಗ್ಧತೆಯನ್ನು ನೋಡಿ ತಮಗೇ ಮರುಕವಾಯಿತೆಂದು ಹಿಡಿದವರು ಆಮೇಲೆ ಪಾಯಿಂಟ್ಸನಿಗೆ ಹೇಳಿದರಂತೆ. ಈ ವಿವರಗಳು ಜಾನ್ ಫಾಕ್ಸನು ಬರೆದಿಟ್ಟ ಚರಿತ್ರೆಯಿಂದ ಬಂದವು.

ಪಾಯಿಂಟ್ಸನು ಗೆಳೆಯನನ್ನು ಬಿಡಿಸುವುದಕ್ಕೆ ಓಡಾಡಿ, ಅದೇ ಫಿಲಿಪ್ಸನ ದೂರಿನ ಮೇಲೆ ತಾನೂ ಸೆರೆಗೆ ಬಿದ್ದು, ಒಂದು ರಾತ್ರಿ ತಪ್ಪಿಸಿಕೊಂಡು ಹೋದನು. ಟಿಂಡೇಲನು ಬ್ರಸೆಲ್ಸಿನ ಹತ್ತಿರದ ವಿಲ್ವೋರ್ಡ್ ಕೋಟೆಯಲ್ಲಿ ಒಂದು ವರ್ಷಕ್ಕೂ ಮೇಲ್ಪಟ್ಟು ಸೆರೆಯಲ್ಲಿದ್ದನು. ಅಲ್ಲಿಂದ ಅವನು ಲ್ಯಾಟಿನ್ನಿನಲ್ಲಿ ಬರೆದ ಕಾಗದವೊಂದು ಉಳಿದು ಬಂದಿದೆ. ಚಳಿಗಾಲ ಬರುತ್ತಿದೆ, ನೆಗಡಿಯ ಬಾಧೆ, ಬೆಚ್ಚನೆಯ ಟೋಪಿ ಬೇಕು, ಕಾಲುಡುಗೆಗೆ ತೇಪೆ ಹಾಕಲು ಬಟ್ಟೆ ಬೇಕು, ಸಂಜೆ ಕತ್ತಲೆಯಲ್ಲಿ ಒಬ್ಬನೇ ಕುಳಿತಿರುವುದು ಬೇಸರ, ದೀಪ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಹೀಬ್ರೂ ಬೈಬಲ್ಲು, ವ್ಯಾಕರಣ, ನಿಘಂಟು ಬೇಕು. ಫಿಲಿಪ್ಸನ ಮೇಲೆ ಅದರಲ್ಲಿ ಒಂದು ದೂರೂ ಇಲ್ಲ. ಕೊಟ್ಟರೋ ಬಿಟ್ಟರೋ, 1536ರ ಅಕ್ಟೋಬರಿನಲ್ಲಿ ಅವನನ್ನು ಕಂಬಕ್ಕೆ ಕಟ್ಟಿ ಕತ್ತು ಬಿಗಿದು ಕೊಂದು ದೇಹವನ್ನು ಸುಟ್ಟರು. ಸಾಯುವಾಗ ಅವನು ಬೇಡಿದ್ದು ತನ್ನ ದೊರೆಯ ಕಣ್ಣು ತೆರೆಯಲೆಂದು. 1538ರಲ್ಲಿ ಪ್ರತಿಯೊಂದು ದೇವಾಲಯದಲ್ಲಿಯೂ ಇಂಗ್ಲಿಷ್ ಬೈಬಲ್ಲನ್ನು ಇಡಬೇಕೆಂದು ಆ ದೊರೆಯ ಸರ್ಕಾರದಿಂದಲೇ ಅಪ್ಪಣೆಯಾಯಿತು. ಹಾಗೆ ಇಟ್ಟ ಗ್ರಂಥದಲ್ಲಿ ಬಹುಭಾಗ ಟಿಂಡೇಲನ ಮಾತುಗಳೇ.

ಇನ್ನು ಪೇತ್ರನ ವಿಚಾರ. ಆ ರಾತ್ರಿ ದ್ರೋಹ ಮಾಡಿದವನು ಯೂದನೊಬ್ಬನೇ ಅಲ್ಲ. ಪ್ರಾಣ ಹೋದರೂ ಬಿಡೆನೆಂದು ಆಣೆಯಿಟ್ಟಿದ್ದ ಪೇತ್ರನು, ಮಹಾಯಾಜಕನ ಅಂಗಳದಲ್ಲಿ ಚಳಿ ಕಾಯಿಸಿಕೊಳ್ಳುತ್ತ ಕುಳಿತು, ಕೆಲಸದ ಹುಡುಗಿಯೊಬ್ಬಳು ಕೇಳಿದ್ದಕ್ಕೇ ಹೆದರಿ, ಆ ಮನುಷ್ಯನನ್ನು ಅರಿಯೆನೆಂದು ಮೂರು ಸಾರಿ ಹೇಳಿದನು. ಕೋಳಿ ಕೂಗಿತು. ಯೇಸು ತಿರುಗಿ ಅವನನ್ನು ನೋಡಿದನೆಂದು ಲೂಕನು ಬರೆಯುತ್ತಾನೆ. ಪೇತ್ರನು ಹೊರಗೆ ಹೋಗಿ ಅತ್ತನು. ಯೂದನೂ ಪಶ್ಚಾತ್ತಾಪಪಟ್ಟವನೇ. ಅವನು ಬೆಳ್ಳಿಯನ್ನು ಹಿಂದಕ್ಕೆ ಕೊಟ್ಟು, ನಿರಪರಾಧಿಯನ್ನು ಒಪ್ಪಿಸಿ ಪಾಪ ಮಾಡಿದೆನೆಂದು ಯಾಜಕರ ಮುಂದೆ ಬಾಯಿಬಿಟ್ಟು ಹೇಳಿದನು. ಪೇತ್ರನು ಅಷ್ಟನ್ನೂ ಮಾಡಲಿಲ್ಲ. ಯಾಜಕರು ಅದು ನಮಗೇನು, ನೀನೇ ನೋಡಿಕೋ ಎಂದುಬಿಟ್ಟರು. ಪಾಪವನ್ನು ಹೇಳಿಕೊಳ್ಳಲು ಬಂದವನಿಗೆ ದೇವಾಲಯದಲ್ಲಿ ಸಿಕ್ಕಿದ ಉತ್ತರವದು. ನಮ್ಮ ದೃಷ್ಟಿಯಲ್ಲಿ ಆ ರಾತ್ರಿಯ ಎಲ್ಲ ಮಾತುಗಳಲ್ಲಿಯೂ ಕ್ರೂರವಾದ ಮಾತು ಅದೇ.

ಯೋಹಾನನ ಕೊನೆಯ ಅಧ್ಯಾಯದಲ್ಲಿ, ಯೇಸು ಎದ್ದು ಬಂದ ಮೇಲೆ, ಗಲಿಲಾಯದ ಸರೋವರದ ದಡದಲ್ಲಿ ಮುಂಜಾನೆ ಕೆಂಡದ ಬೆಂಕಿಯೊಂದು ಉರಿಯುತ್ತಿರುತ್ತದೆ, ಮೇಲೆ ಮೀನು. ಕೆಂಡದ ಬೆಂಕಿ ಎಂಬುದಕ್ಕೆ ಗ್ರೀಕಿನಲ್ಲಿರುವ ಪದ ಆ ಸುವಾರ್ತೆಯಲ್ಲಿ ಬರುವುದು ಎರಡೇ ಸಾರಿ. ಮೊದಲನೆಯದು ಪೇತ್ರನು ಚಳಿ ಕಾಯಿಸಿಕೊಂಡ ಅಂಗಳದ ಬೆಂಕಿ. ಈಗ ಈ ಬೆಂಕಿಯ ಪಕ್ಕದಲ್ಲಿ ಪೇತ್ರನಿಗೆ ಊಟ ಹಾಕಿ, ನನ್ನಲ್ಲಿ ಪ್ರೀತಿಯುಂಟೆ ಎಂದು ಯೇಸು ಮೂರು ಸಾರಿ ಕೇಳುತ್ತಾನೆ. ಏಕೆ ಬಿಟ್ಟುಹೋದೆಯೆಂದು ಒಂದು ಸಾರಿಯೂ ಕೇಳುವುದಿಲ್ಲ.

ಈಚೆಗೆ ನಮ್ಮ ಆ ವಿದ್ಯಾರ್ಥಿ ಸಿಕ್ಕಿದ್ದನು. ಈಗ ಅವನು ವಕೀಲ. ಹಳೆಯ ಪ್ರಶ್ನೆಯನ್ನು ಜ್ಞಾಪಿಸಿ, ಈ ಎರಡು ಸಂಕಲ್ಪಗಳ ವಿಚಾರವನ್ನೂ ಎರಡು ಬೆಂಕಿಗಳ ವಿಚಾರವನ್ನೂ ಅವನಿಗೆ ಹೇಳಿದೆವು. ಅವನು ಯೂದನ ವಕಾಲತ್ತನ್ನು ಇನ್ನೂ ಬಿಟ್ಟಿರಲಿಲ್ಲ. “ತಪ್ಪು ಒಪ್ಪಿದೆ, ಸಾರ್. ಆದರೆ ಯೂದ ಇನ್ನು ಮೂರು ದಿನ ತಾಳಿಕೊಂಡಿದ್ದರೆ?” ಎಂದನು. ನಾವು ಮನೆಗೆ ಬಂದು ಮತ್ತಾಯನ ಸುವಾರ್ತೆಯನ್ನು ತೆರೆದು ನೋಡಿದೆವು. ಯೂದನು ನೇಣು ಹಾಕಿಕೊಂಡ ಸಂಗತಿಯನ್ನು ಮತ್ತಾಯನು ಪಿಲಾತನ ವಿಚಾರಣೆಗೆ ಮುಂಚೆಯೇ ಹೇಳಿಬಿಡುತ್ತಾನೆ. ತಾನು ಒಪ್ಪಿಸಿದವನಿಗಿಂತ ಮೊದಲೇ ಅವನು ಸತ್ತನು. ಅವನು ದೇವಾಲಯದೊಳಗೆ ಎಸೆದುಹೋದ ಬೆಳ್ಳಿಯನ್ನು ಯಾಜಕರು ಕಾಣಿಕೆಯ ಪೆಟ್ಟಿಗೆಗೆ ಸೇರಿಸಲಿಲ್ಲ. ಅದರಿಂದ ಒಬ್ಬ ಕುಂಬಾರನ ಹೊಲವನ್ನು ಕೊಂಡು, ಪರಸ್ಥಳದಿಂದ ಬಂದು ಸತ್ತವರನ್ನು ಹೂಳುವುದಕ್ಕೆಂದು ಬಿಟ್ಟರು.